ಶಿಲುಬೆಯ ಮೇಲಿನವನ ಹೊಕ್ಕುಳು

ಮಾರ್ಚ್ ೧೧, ಮಂಗಳವಾರ

ಭಾವನ ಮಾತು ಇನ್ನೂ ತಲೆ ಕೊರೆಯುತ್ತಿದೆ. ಚರ್ಚಿನ ಸಭೆಯ ಹಿರಿಯನೆಂಬ ಗತ್ತಿನಲ್ಲಿ ಸಂಜೆ ನನ್ನ ಶೆಡ್ಡಿಗೆ ಬಂದ. ಚರ್ಚಿಗಾಗಿ ನಾನು ತೇಗದಲ್ಲಿ ಕೆತ್ತುತ್ತಿರುವ ಶಿಲುಬೆಯ ಯೇಸುವಿನ ಹೊಟ್ಟೆ ಮುಟ್ಟಿ, "ಈ ಹೊಕ್ಕುಳು ಉಜ್ಜಿ ತೆಗೆದುಬಿಡು" ಎಂದ. "ದೇವರು ಮನುಷ್ಯನ ಮೈಯನ್ನ ಅಂಗಿ ಥರ ಹಾಕ್ಕೊಂಡು ಬಂದ, ಅಷ್ಟೆ. ಅವನಿಗ್ಯಾಕೆ ಇದೆಲ್ಲ?"

"ಅಂಗಿಗೆ ಮೊಳೆ ಹೊಡೆದ್ರೆ ಯಾರಿಗೆ ನೋವಾಗುತ್ತೆ, ಭಾವ?"

ಅವನ ಮುಖ ಕೆಂಪಾಯಿತು. "ಹಾಗಾದ್ರೆ ಇದು ಚರ್ಚಿನೊಳಗೆ ಬರಲ್ಲ!"

ಬರದಿದ್ದರೆ ಬೇಡ. ಸೂಲಗಿತ್ತಿಯ ಮಗ ನಾನು. ಹೊಕ್ಕುಳಿಲ್ಲದ ಮಗುವನ್ನು ನಮ್ಮಮ್ಮ ಒಂದೂ ಕಂಡಿಲ್ಲ. ತಾಯಿ ಹೆತ್ತ ಗುರುತನ್ನು ನನ್ನ ಕೈಯಿಂದ ಅಳಿಸುವುದಿಲ್ಲ.

ಅವನು ಅತ್ತ ಹೋಗುತ್ತಲೇ ಸಣ್ಣ ಉಳಿ ತೆಗೆದುಕೊಂಡು ಆ ಹೊಕ್ಕುಳನ್ನು ಇನ್ನೊಂದು ಕೂದಲೆಳೆಯಷ್ಟು ಆಳ ಮಾಡಿದೆ.