ರಬ್ಬರ್ ಗೊಂಬೆ ಆಟ ನನಗೇ ಸಾಕು

ಅಮ್ಮಾ,

ವ್ಯಾಯಾಮ ಹೇಳಿಕೊಡುವವರ ಹತ್ತಿರ ಹೊರಟೆ. ನಿದ್ದೆ ಹತ್ತಿತ್ತು ನಿನಗೆ, ಎಬ್ಬಿಸಲಿಲ್ಲ.

"ಬೀಳಲಿಲ್ಲ, ಏಟಾಗಲಿಲ್ಲ, ಸೊಂಟ ಅದು ಹೇಗೆ ಜಾರುತ್ತೆ?" ಅಂತ ನಿನ್ನೆ ನಕ್ಕೆಯಲ್ಲ. ಡಾಕ್ಟರು ನನ್ನ ಕಾಲು ತಿರುಗಿಸಿ, ಎಕ್ಸ್‌ರೇ ತೆಗೆಸಿ ನೋಡಿಯೇ ಹೇಳಿದ್ದು: ತೊಡೆಮೂಳೆ ಕೂರುವ ಬಟ್ಟಲು ಆಳವಿಲ್ಲ, ಮೂಳೆಯನ್ನು ಹಿಡಿದಿಡುವ ನಾರಿನ ಕಟ್ಟುಗಳೂ ಹುಟ್ಟಿನಿಂದಲೇ ಸಡಿಲ. ಮೊದಲು ಸುತ್ತಲಿನ ಮಾಂಸಖಂಡ ಗಟ್ಟಿ ಮಾಡಿಕೊಳ್ಳಬೇಕು. ಅದರಿಂದ ಆಗದಿದ್ದರೆ ಆಪರೇಷನ್ ಮಾತು. ಹಾಸಿಗೆ ಹಿಡಿಯೋಳಲ್ಲ ನಾನು. ಎಣ್ಣೆ ತಿಕ್ಕುವವಳನ್ನ ಕರೆಸಬೇಡ.

ಹಾಲು ಕಾಯಿಸಿಟ್ಟಿದ್ದೀನಿ, ನೀನೂ ಕುಡಿ.

ಸಂಜೆ ಚಿಕ್ಕಮ್ಮನ ಮನೆಯವರು ಬರುತ್ತಾರೆ. ಚಿಕ್ಕವಳಿದ್ದಾಗ ಬಂದವರ ಮುಂದೆಲ್ಲ ನನ್ನನ್ನು ರಬ್ಬರ್ ಗೊಂಬೆ ಅಂತ ಬಗ್ಗಿಸಿದ್ದು ಸಾಕು. ನನ್ನ ಮಗಳಿಗೂ "ಕಾಲು ತಲೆ ಮೇಲೆ ಹಾಕಿ ತೋರಿಸೇ" ಅಂದರೆ ಸುಮ್ಮನಿರೋಲ್ಲ, ಹೇಳಿರ್ತೀನಿ. ಮೊನ್ನೆ ಅವಳ ಸೊಂಟವೂ ಟಕ್ ಅಂದಿದ್ದು ನಿನ್ನ ಕಿವಿಗೇ ಬಿದ್ದಿದೆ. ಮುಂದಿನ ವಾರ ಅವಳನ್ನೂ ಡಾಕ್ಟರಿಗೆ ತೋರಿಸ್ತೀನಿ. ನೆಂಟರಿಗೆ ಹೊತ್ತು ಹೋಗದಿದ್ದರೆ ಟಿವಿ ಹಾಕು.

"ಆಗಲ್ಲ" ಅನ್ನೋದನ್ನ ಬೆಳಿಗ್ಗೆ ಅವಳಿಗೆ ಕಲಿಸಿದ್ದೀನಿ. ಎಲ್ಲರೆದುರು ಜೋರಾಗಿ ಅಂದರೂ ಗದರಬೇಡ. ನನಗೆ ಅದನ್ನ ಕಲಿಯೋಕೆ ಅರ್ಧ ಆಯುಷ್ಯ ಹಿಡಿಯಿತು.