ನಲವತ್ತು ನಿಮಿಷದ ದೂರ

ವಿಮಾನ ನಿಲ್ದಾಣದ ಕೌಂಟರಿನಿಂದ,
ಸೋಮವಾರ, ಹದಿನಾಲ್ಕನೇ ತಾರೀಕು

ಪ್ರೀತಿಯ ಅಕ್ಕಾ,

ಗಂಟಲು ಹೇಗಿದೆ? ನೀರಾದರೂ ಸಲೀಸಾಗಿ ಇಳಿಯುತ್ತಿದೆಯಾ? ಡಾಕ್ಟರು ಮಾತಾಡಬೇಡ ಅಂದಿದ್ದಾರೆ, ಫೋನು ಮಾಡಿದರೆ ನೀನು ಸುಮ್ಮನಿರುವ ಪೈಕಿಯಲ್ಲ, ಅದಕ್ಕೇ ಈ ಪತ್ರ. ಪೈಲಟ್ ಕೈಯಲ್ಲಿ ಕಳಿಸುತ್ತಿದ್ದೇನೆ. ಇಪ್ಪತ್ತು ವರ್ಷ ನಿನ್ನ ಲೆಕ್ಕದ ಕ್ಲಾಸಿನ ಮಕ್ಕಳಿಂದ ಆಗದ ಕೆಲಸವನ್ನು ಒಂದು ಗಡ್ಡೆ ಮಾಡಿತು ನೋಡು, ನಿನ್ನ ಬಾಯಿ ಮುಚ್ಚಿಸಿತು! ನಗಬೇಡ ಮಾರಾಯ್ತಿ, ನೋಯುತ್ತದೆ.

ನನ್ನ ಪಾಡು ಅದೇ ಗಾಜಿನ ಗೂಡು. ದಿನಕ್ಕೆ ಐವತ್ತು ಜನ ಬಂದು ನಿನ್ನ ಊರು ಎಷ್ಟು ದೂರ, ಎಷ್ಟು ಹೊತ್ತು ಅಂತ ಕೇಳುತ್ತಾರೆ. ಇನ್ನೂರ ಹನ್ನೆರಡು ಕಿಲೋಮೀಟರ್, ನಲವತ್ತು ನಿಮಿಷ ಅಂತ ಗಿಳಿಪಾಠ ಒಪ್ಪಿಸುತ್ತೇನೆ. ಮೊನ್ನೆ ಒಬ್ಬ ಅಜ್ಜಿ, ‘ನೀನು ಎಷ್ಟು ಸಲ ಹೋಗಿದೀಯಮ್ಮಾ?’ ಅಂದರು. ಎಲ್ಲಿಂದ ಹೋಗಲಿ? ಎಷ್ಟು ಜನ, ಎಷ್ಟು ಕಿಲೋ ಸಾಮಾನು, ಯಾರು ಮುಂದೆ, ಯಾರು ಹಿಂದೆ ಅನ್ನುವ ಭಾರದ ಹಾಳೆಗೆ ನನ್ನ ಸಹಿ ಬೀಳದೆ ವಿಮಾನ ಏಳುವುದಿಲ್ಲ. ಸಹಿ ಮಾಡಿದವಳು ಅದು ಅಲ್ಲಿ ಇಳಿಯುವವರೆಗೆ ಇಲ್ಲೇ ಕೂತಿರಬೇಕು. ಇಲ್ಲಿ ಆ ಪರೀಕ್ಷೆ ಪಾಸಾದವಳು ನಾನೊಬ್ಬಳೇ. ಇನ್ನೊಬ್ಬರನ್ನು ಕೊಡಿ ಅಂದರೆ ಸಾಹೇಬರು ಮೂರು ವರ್ಷದಿಂದ ‘ನೋಡೋಣ ಕಣಮ್ಮಾ’ ಅನ್ನುತ್ತಿದ್ದಾರೆ. ಅದೇನು ನೋಡುತ್ತಾರೋ! ನನಗೆ ರಜೆ ಬುಧವಾರ ಮಾತ್ರ, ಯಾಕೆಂದರೆ ಅವತ್ತು ವಿಮಾನವೇ ಇಲ್ಲ. ರಾತ್ರಿ ಹಾಸಿಗೆಯಲ್ಲೂ ಎದುರಿಗೆ ಗಾಜು ಇದ್ದ ಹಾಗೆ ಉಸಿರು ಕಟ್ಟುತ್ತದೆ ಅಕ್ಕಾ.

ಗುರುವಾರ ನಿನ್ನ ಆಪರೇಷನ್. ‘ನೀನು ಕೈ ಹಿಡ್ಕೊಳ್ಳದೆ ನಾನು ಒಳಗೆ ಹೋಗಲ್ಲ’ ಅಂತ ಬರೆದಿದ್ದೀಯ. ಹೋಗಬೇಡ. ಬುಧವಾರ ಬೆಳಿಗ್ಗೆಯ ಬಸ್ಸಿಗೆ ಬರುತ್ತೇನೆ. ಬೆಟ್ಟ ಸುತ್ತಿಕೊಂಡು ಹದಿನಾಲ್ಕು ಗಂಟೆ, ಸೊಂಟ ಮುರಿದರೆ ಮುರಿಯಲಿ. ಗುರುವಾರದ ಹಾಳೆಗೆ ಸಾಹೇಬರು ಯಾರ ಸಹಿಯನ್ನಾದರೂ ಹುಡುಕಿಕೊಳ್ಳಲಿ. ವಿಮಾನ ನಿಂತರೆ ನಿಲ್ಲಲಿ, ಕೆಲಸ ಹೋದರೆ ಹೋಗಲಿ. ನಿನಗೆ ನಾನು, ನನಗೆ ನೀನು, ಇನ್ಯಾರಿದ್ದಾರೆ ನಮಗೆ? ಚೀಲ ಆಗಲೇ ತುಂಬಿಟ್ಟಿದ್ದೇನೆ.

ಹೊತ್ತಿಗೆ ಸರಿಯಾಗಿ ಔಷಧಿ ತಗೋ. ನೆರೆಮನೆಯವರಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಜಗಳಗಂಟಿ
ತಂಗಿ

ಇನ್ನೊಂದು ಮಾತು: ಪೈಲಟ್ ಕಾಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಲಕೋಟೆ ಅಂಟಿಸುವಾಗ ಒಬ್ಬರು ಬಂದು ಗುರುವಾರದ ಟಿಕೆಟ್ ತೋರಿಸಿ ಎಷ್ಟು ಹೊತ್ತಿನ ದಾರಿ ಅಂತ ಕೇಳಿದರು. ನಲವತ್ತು ನಿಮಿಷ ಅಂದೆ. ‘ಹೊತ್ತಿಗೆ ಹೊರಡುತ್ತೆ ತಾನೇ? ಹತ್ತು ಗಂಟೆಗೆ ಅಲ್ಲಿ ಒಬ್ಬ ಲೆಕ್ಕದ ಟೀಚರಿಗೆ ಗಂಟಲಿನ ಆಪರೇಷನ್ ಮಾಡಬೇಕು. ಇನ್ನೊಂದು ವಾರ ಕಾಯಿಸೋ ಹಾಗಿಲ್ಲ’ ಅಂದರು. ಅಕ್ಕಾ, ಅವರು ನಿನ್ನ ಸರ್ಜನ್. ಬುಧವಾರ ರಾತ್ರಿ ಹತ್ತರವರೆಗೆ ಅವರಿಗೆ ಇಲ್ಲೇ ಕೆಲಸವಂತೆ, ಬಸ್ಸಿನಲ್ಲಿ ಬಂದರೆ ಮುಟ್ಟುವುದಿಲ್ಲ. ‘ಹೊರಡುತ್ತೆ ಸಾರ್, ನಾನಿರ್ತೀನಿ’ ಅಂದುಬಿಟ್ಟೆ. ನಾನು ಬರುವುದಿಲ್ಲ. ನನಗೋಸ್ಕರ ಬಾಗಿಲಲ್ಲಿ ನಿಲ್ಲಬೇಡ, ಒಳಗೆ ಹೋಗು.