ತಿರುಗಿ ನೋಡಿದವರು

ಗುಬ್ಬಿ, ಭಾನುವಾರ

ಚಿ. ಸುಮನಾಳಿಗೆ ಅಪ್ಪನ ಆಶೀರ್ವಾದ.

ಕುಣಿಗಲ್‌ನಲ್ಲಿ ನೀನು, ಅಳಿಯ ಸಂಗಮೇಶ್ ಆರೋಗ್ಯವೇ? ದೀಪಿಕಾ ಮರಿಯ ಕೆಮ್ಮು ವಾಸಿಯಾಯಿತೇ?

ಟಿವಿಯಲ್ಲಿ ಕನ್ನಡಕ್ಕೆ ಡಬ್ ಮಾಡಿದ ಗ್ರೀಕರ ಪುರಾಣ ನೋಡುತ್ತಿದ್ದೇನೆ. ಸತ್ತ ಹೆಂಡತಿಯನ್ನು ಕರೆತರಲು ಪಾತಾಳಕ್ಕೆ ಹೋದ ಹಾಡುಗಾರ, ಮೇಲೆ ಬರುವವರೆಗೆ ಹಿಂದೆ ಬರುವ ಅವಳನ್ನು ನೋಡಬೇಡ ಎಂದಿದ್ದರೂ ತಿರುಗಿ ನೋಡಿ ಅವಳನ್ನು ಕಳೆದುಕೊಳ್ಳುತ್ತಾನೆ. ಪಾತಾಳವನ್ನೇನೋ ಚೆನ್ನಾಗಿ ತೋರಿಸಿದ್ದಾರೆ, ಆದರೆ ಅವನನ್ನು ದಡ್ಡನನ್ನಾಗಿ ಮಾಡಿಬಿಟ್ಟಿದ್ದಾರೆ. ಅದು ತಪ್ಪು ಕಣಮ್ಮ. ಪ್ರೀತಿಯಿದ್ದವನು ನೋಡದೆ ಇರುತ್ತಾನೆಯೇ?

ನಿಮ್ಮಮ್ಮನನ್ನು ಮಣ್ಣು ಮಾಡಿ ಬರುವಾಗ ನೀನು ತಿರುಗಿ ನೋಡಿದೆ. "ಬುದ್ಧಿ ಇಲ್ವೇನೇ ನಿಂಗೆ? ಹಿಂದಕ್ಕೆ ನೋಡ್ಬಾರ್ದು!" ಎಂದು ನಾನು ಎಲ್ಲರೆದುರು ಗದರಿದೆ. ಅಂದಿನಿಂದ ನೀನು ಈ ಮನೆಗೆ ಬಂದಿಲ್ಲ.

ನಿನಗಿಂತ ಮೊದಲು ನಾನೇ ತಿರುಗಿ ನೋಡಿದ್ದೆ, ಸುಮನಾ. ಯಾರೂ ಗಮನಿಸಲಿಲ್ಲ, ಅಷ್ಟೆ.

ಯಾವತ್ತು ಬರುತ್ತೀಯೆಂದು ಬೇಗ ಒಂದು ಸಾಲು ಬರೆ.

ನಿನ್ನ ಅಪ್ಪ,
ರುದ್ರಯ್ಯ